ನಂಜುಂಡಪ್ಪನವರ ಬಲಗೈ

ಬಾಳೇಶನ ಸಂಕಟಕ್ಕೆಲ್ಲ ಕಾರಣ ಒಂದು ಅಂಕಿ. ನಲವತ್ತು.

ಜನವರಿಯ ಮೊದಲ ವಾರ ಅವನೇ ತನ್ನ ಲಾಗ್‌ಬುಕ್ಕಿನಲ್ಲಿ ಮುದ್ದಾದ ಅಕ್ಷರಗಳಲ್ಲಿ ಬರೆದುಕೊಂಡಿದ್ದ: ‘ಪೇಷಂಟ್ ನಂಜುಂಡಪ್ಪ, ವಯಸ್ಸು ಅರವತ್ತೆಂಟು. ಬಲಭುಜ ಬಿಗಿದುಕೊಂಡಿದೆ. ಕೈ ಪಕ್ಕಕ್ಕೆ ಏಳುವುದು ನಲವತ್ತು ಡಿಗ್ರಿ.’ ನೆಟ್ಟಗಿರುವ ಮನುಷ್ಯನ ಕೈ ಕಿವಿಗೆ ತಾಗುವಷ್ಟು ಮೇಲೇರಿದರೆ ನೂರ ಎಂಬತ್ತು. ನಲವತ್ತು ಎಂದರೆ ಕಂಕುಳಲ್ಲಿ ಮಡಚಿದ ಛತ್ರಿ ಇಟ್ಟುಕೊಂಡು ನಿಂತ ಹಾಗೆ. ಅದರ ಕೆಳಗೆ ವಾರಕ್ಕೊಂದರಂತೆ ಇಪ್ಪತ್ತನಾಲ್ಕು ಅಳತೆಗಳಿದ್ದವು. ಎಲ್ಲವೂ ನಲವತ್ತೇ. ಏಪ್ರಿಲ್‌ನಲ್ಲಿ ಒಂದು ಸಲ ಮಾತ್ರ ನಲವತ್ತೆರಡಾಗಿತ್ತು. ಅದು ಪೇಷಂಟು ಸೀನಿದ ರಭಸಕ್ಕೆ ಆದದ್ದು ಎಂದು ಗೊತ್ತಾಗಿ ಬಾಳೇಶ ಅದನ್ನೂ ಪ್ರಾಮಾಣಿಕವಾಗಿ ಹೊಡೆದುಹಾಕಿದ್ದ.

ಈಗ ಜೂನ್ ತಿಂಗಳ ಕೊನೆಯ ಶನಿವಾರ. ಅವನ ಇಂಟರ್ನ್‌ಶಿಪ್ಪಿನ ಕೊನೆಯ ದಿನ. ಲಾಗ್‌ಬುಕ್ಕಿನ ಉಳಿದ ಪುಟಗಳಲ್ಲೆಲ್ಲ ವಿಭಾಗದ ಮುಖ್ಯಸ್ಥರಾದ ಸೇತುರಾಮ್ ಅವರ ಸಹಿ ಬಿದ್ದಿತ್ತು. ಈ ಒಂದು ಪುಟ ಮಾತ್ರ ಹಲ್ಲು ಕಿತ್ತ ಬಾಯಿಯಂತೆ ಖಾಲಿಯಿತ್ತು.

“ನಾಳೆ ಹನ್ನೊಂದಕ್ಕೆ ಪೇಷಂಟ್ ಮನೆಗೆ ನಾನೇ ಬರ್ತೀನಿ,” ಎಂದಿದ್ದರು ಸೇತುರಾಮ್ ಹಿಂದಿನ ದಿನ. “ಹತ್ತು ಡಿಗ್ರಿ ಜಾಸ್ತಿಯಾಗಿದ್ರೂ ಸೈನ್ ಹಾಕ್ತೀನಿ. ಆಗಿಲ್ಲ ಅಂದ್ರೆ ಈ ಪೋಸ್ಟಿಂಗ್ ಇನ್ನೊಂದ್ಸಲ, ಮೊದಲಿಂದ.”

ಇನ್ನೊಂದು ಸಲ ಎಂಬ ಮಾತನ್ನು ಕೇಳಿ ಕೇಳಿ ಬಾಳೇಶ ಸವೆದುಹೋಗಿದ್ದ. ಹುಕ್ಕೇರಿ ಪಕ್ಕದ ಹಳ್ಳಿಯಿಂದ ಅವನು ಬೆಂಗಳೂರಿಗೆ ಬಂದು ಏಳು ವರ್ಷವಾಗಿತ್ತು. ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡು ಡಾಕ್ಟರಾಗುತ್ತೇನೆಂದು ಹೊರಟವನಿಗೆ ಮೆಡಿಕಲ್ ಸೀಟು ಸಿಗಲಿಲ್ಲ. ಸಿಕ್ಕಿದ್ದು ಫಿಸಿಯೋಥೆರಪಿ. ನಾಲ್ಕು ವರ್ಷದ ಓದು, ಆರು ತಿಂಗಳ ಇಂಟರ್ನ್‌ಶಿಪ್ ಎಂದು ಕಾಲೇಜಿನವರು ಹೇಳಿದ್ದರು. ಅನಾಟಮಿ ಅವನನ್ನು ಎರಡು ಸಲ ಕೆಡವಿತು, ನರಗಳ ಪೇಪರ್ ಒಂದು ಸಲ. ಊರಿನಲ್ಲಿ ಅವನು ಏನು ಓದುತ್ತಿದ್ದಾನೆಂದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಅಪ್ಪ ಲಿಂಗಪ್ಪ ಹಾಲಿನ ಡೈರಿಯಲ್ಲಿ “ಮಗಾ ಪೀಜು ತೆರಪಿ ಮಾಡಾಕತ್ತಾನ” ಎನ್ನುತ್ತಿದ್ದ. ಅವ್ವ ಅಕ್ಕವ್ವ ಅಷ್ಟೂ ತೊಂದರೆ ತೆಗೆದುಕೊಳ್ಳದೆ “ಎಲುಬಿನ ಡಾಕ್ಟರ್” ಎಂದುಬಿಡುತ್ತಿದ್ದಳು. ಮನುಷ್ಯನ ಮೈಯಲ್ಲಿರುವ ಇನ್ನೂರಾರು ಎಲುಬುಗಳ ಹೆಸರೂ ಬಾಳೇಶನಿಗೆ ಬಾಯಿಪಾಠವಾಗಿತ್ತು. ಅವನದೇ ಬೆನ್ನೆಲುಬು ಮಾತ್ರ ದೊಡ್ಡವರು ಯಾರಾದರೂ ಎದುರಿಗೆ ನಿಂತರೆ ಮೇಣದ ಬತ್ತಿಯ ಹಾಗೆ ಬಾಗಿಬಿಡುತ್ತಿತ್ತು.

ಬಸವೇಶ್ವರನಗರದ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಅವನಿಗೆ ಕೆಲಸ ಕೊಡಲು ಒಪ್ಪಿದ್ದರು. ಸೋಮವಾರ ಸೇರಬೇಕು. ಆದರೆ ಇಂಟರ್ನ್‌ಶಿಪ್ ಮುಗಿದ ಪತ್ರವನ್ನು ಶನಿವಾರ ಸಂಜೆಯೊಳಗೆ ತೋರಿಸಬೇಕು. ಅಂದರೆ ಅವನ ಬದುಕು ಈಗ ಹತ್ತು ಡಿಗ್ರಿ ದೂರದಲ್ಲಿತ್ತು.

ಬೆಳಿಗ್ಗೆ ಎಂಟಕ್ಕೇ ಅವನು ಅತ್ತಿಗುಪ್ಪೆಯ ನಂಜುಂಡಪ್ಪನವರ ಮನೆ ತಲುಪಿದ. ಮೂರು ದಿನದಿಂದ ಸೂರ್ಯನ ಮುಖ ಕಂಡಿರಲಿಲ್ಲ. ಸುತ್ತ ಎದ್ದ ನಾಲ್ಕಂತಸ್ತಿನ ಕಟ್ಟಡಗಳ ನಡುವೆ ಆ ಹಳೇ ಮನೆಗೆ ಬಿಸಿಲಿನ ದಿನವೂ ಬೆಳಕು ಕಡಿಮೆ. ಮೋಡದ ದಿನವಂತೂ ನಡುಮನೆಯಲ್ಲಿ ಹಗಲೇ ಲೈಟು ಹಾಕಬೇಕು. ಆ ಮಂಕು ಬೆಳಕಿನಲ್ಲಿ ನಂಜುಂಡಪ್ಪ ಬಲಗೈಯನ್ನು ಹೊಟ್ಟೆಗೆ ಅಂಟಿಸಿಕೊಂಡು ಕುರ್ಚಿಯಲ್ಲಿ ಕೂತಿದ್ದರು. ಹೆಂಡತಿ ಲಿಂಗಮ್ಮ ಅವರ ಬಾಯಿಗೆ ಉಪ್ಪಿಟ್ಟು ಇಡುತ್ತಿದ್ದರು. ಆರು ತಿಂಗಳಿಂದ ಸ್ನಾನ, ಊಟ, ಅಂಗಿಯ ಗುಂಡಿ ಎಲ್ಲ ಆಕೆಯದೇ ಕೈ.

“ಯಜಮಾನ್ರ, ಇವತ್ತು ನಮ್ಮ ಸಾರ್ ಬರ್ತಾರ್ರಿ,” ಎಂದ ಬಾಳೇಶ ಕುರ್ಚಿಯ ಪಕ್ಕ ಕುಕ್ಕರಗಾಲಲ್ಲಿ ಕೂತು. “ಹತ್ತೇ ಹತ್ತು ಡಿಗ್ರಿ ಮ್ಯಾಲ ಎತ್ರಿ ಸಾಕು. ನನ್ನ ನೌಕರಿ ನಿಮ್ಮ ಕೈಯಾಗೈತ್ರಿ.”

“ನಂಗೇನು ಎತ್ತಬಾರದು ಅಂತ ಆಸೇನಾ ಬಾಳೇಶಪ್ಪ?” ನಂಜುಂಡಪ್ಪನವರ ಕಣ್ಣು ತುಂಬಿತು. “ನಿನ್ ಕೈಗುಣ ಚೆನ್ನಾಗೇ ಇದೆ ಕಣಪ್ಪ. ನನ್ ಹಣೆಬರಹ ಸರಿಯಿಲ್ಲ. ನೋಡು, ನನ್ ತಮ್ಮನ ಮಗ ಕಾಂತರಾಜು, ವರ್ಷದಿಂದ ಒಂದು ಪತ್ರಕ್ಕೆ ಸೈನ್ ಹಾಕಿ ಅಂತ ಕಾಯ್ತಿದಾನೆ. ಸುಂಕದಕಟ್ಟೆ ಜಮೀನಿನ ಭಾಗದ ಪತ್ರ. ಪಾಪ, ಹಾಕಿ ಕೊಡೋಣ ಅಂದ್ರೆ ಮೇಜಿನ ಮೇಲೆ ಕೈ ಇಟ್ಟ ತಕ್ಷಣ ಕುತ್ತಿಗೆವರೆಗೂ ಚಳುಕು ಹೊಡೆಯುತ್ತೆ. ಹೆಬ್ಬೆಟ್ಟು ಒತ್ತಿ ಅಂತಾನೆ. ನಾನು ಎಸ್ಸೆಲ್ಸಿ ಪಾಸಾದೋನು, ಹೆಬ್ಬೆಟ್ಟು ಒತ್ತಲಾ?”

ಬಾಳೇಶ ನಿಟ್ಟುಸಿರಿಟ್ಟು ಆ ಕೈಯನ್ನು ಮೆಲ್ಲಗೆ ಹಿಡಿದುಕೊಂಡ. ಪೇಷಂಟಿನ ಕೈಯನ್ನು ಸಡಿಲ ಬಿಡಿಸಿ, ಥೆರಪಿಸ್ಟ್ ತಾನೇ ಎತ್ತಿ, ಅದು ಎಲ್ಲಿ ನಿಲ್ಲುತ್ತದೆ ಎಂದು ನೋಡಬೇಕು ಎಂಬುದು ಪುಸ್ತಕದ ಮೊದಲ ಪಾಠ. ಜನವರಿಯಲ್ಲಿ ಅವನು ಹಾಗೆ ಎತ್ತಲು ಹೋದಾಗ ನಂಜುಂಡಪ್ಪ “ಅಯ್ಯೋ ಸತ್ತೆ!” ಎಂದು ಕೂಗಿದ್ದರು. ಬೀದಿಯ ಜನವೆಲ್ಲ ಒಳಗೆ ನುಗ್ಗಿದ್ದರು. ಅಂದಿನಿಂದ ಬಾಳೇಶ ಎತ್ತಲು ಹೋಗಲಿಲ್ಲ. ಉಜ್ಜಿದ, ಶಾಖ ಕೊಟ್ಟ, ಕರೆಂಟಿನ ಮಿಷನ್ ಇಟ್ಟ, ಆದಷ್ಟು ಎತ್ತಿ ಎಂದು ಬೇಡಿಕೊಂಡ. ಅವರು ಎತ್ತಿದಷ್ಟನ್ನು ಬರೆದುಕೊಂಡ.

ಇವತ್ತು ಧೈರ್ಯ ಮಾಡಿ ಎರಡು ಬೆರಳಿನಷ್ಟು ಮೇಲೆತ್ತಿದ.

“ಅಯ್ಯೋ ಸತ್ತೆ!”

ಕೂಗು ಮುಗಿಯುವ ಮೊದಲೇ ಪಕ್ಕದ ಮನೆಯ ದೇವೇಂದ್ರಪ್ಪ ಬಾಗಿಲಲ್ಲಿದ್ದರು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಪೀಟಿ ಮೇಷ್ಟ್ರಾಗಿದ್ದು ರಿಟೈರಾದವರು. ಕೆಲಸ ಬಿಟ್ಟಿದ್ದರೂ ಕೊರಳಿನ ವಿಷಲ್ ಬಿಟ್ಟಿರಲಿಲ್ಲ.

“ಏನಯ್ಯಾ ಇದು? ಪರೀಕ್ಷೆ ದಿನ ಓದ್ತಾ ಇದೀಯಾ?” ಎಂದರು. “ಫಿಸಿಯೋಥೆರಪಿ ಅಂದ್ರೆ ಪೀಟೀನೇ ಕಣಯ್ಯ. ಇಂಗ್ಲಿಷಲ್ಲಿ ಎಳೆದು ಉದ್ದ ಮಾಡಿದಾರೆ ಅಷ್ಟೆ. ಈ ಉಜ್ಜೋದು ಗಿಜ್ಜೋದೆಲ್ಲ ಬಿಡು. ಮಾಸ್ ಡ್ರಿಲ್ ಮಾಡ್ಸು. ನಾನು ಹೇಳ್ತೀನಿ, ನೀನು ಮಾಡಿ ತೋರ್ಸು, ನಂಜುಂಡಪ್ಪ ನಿನ್ನ ನೋಡ್ಕೊಂಡು ಮಾಡ್ತಾರೆ.”

ಬೇಡ ಎನ್ನಲು ಬಾಳೇಶ ಬಾಯಿ ತೆರೆದ. ವಿಷಲ್ ಕೂಗಿತು. ಅವನ ಎರಡೂ ಕೈ ತಾವಾಗಿಯೇ ಮೇಲೆ ಹೋದವು.

“ಒಂದು! ಎರಡು! ಮೊಣಕೈ ನೆಟ್ಟಗೆ! ಮೂರು!”

ನಂಜುಂಡಪ್ಪ ಕುರ್ಚಿಯಲ್ಲಿ ಕೂತು ಗಮನವಿಟ್ಟು ನೋಡಿದರು. ಅವರ ಕೈ ಹೊಟ್ಟೆ ಬಿಟ್ಟು ಕದಲಲಿಲ್ಲ. ದೇವೇಂದ್ರಪ್ಪನವರು ಎಣಿಸುವುದರ ಸಂತೋಷದಲ್ಲಿ ಪೇಷಂಟು ಯಾರು ಎಂಬುದನ್ನೇ ಮರೆತರು. ಐವತ್ತೆಂಟನೆಯ ಸಲ ಬಾಳೇಶನ ಭುಜದಲ್ಲಿ ಒಣ ಕಡ್ಡಿ ಮುರಿದಂಥ ಸದ್ದಾಯಿತು. ಅವನು ಭುಜ ಹಿಡಿದುಕೊಂಡು ನೆಲಕ್ಕೆ ಕೂತ.

“ಅಭ್ಯಾಸ ಇಲ್ಲ,” ಎಂದರು ದೇವೇಂದ್ರಪ್ಪ ಬೇಸರದಿಂದ. “ಈಗಿನ ಹುಡುಗರಿಗೆ ಸ್ಟ್ಯಾಮಿನಾ ಅನ್ನೋದೇ ಇಲ್ಲ. ಅದಿರ್ಲಿ, ಈ ಕೋಟೇನಯ್ಯ ಹೀಗೆ ಮುದುಡಿದೆ? ಇದನ್ನ ಹಾಕ್ಕೊಂಡು ನಿಮ್ ಸಾರ್ ಮುಂದೆ ನಿಲ್ತೀಯಾ? ಕೊಡಿಲ್ಲಿ. ಏಯ್ ಮುರುಗೇಶ್!”

ಮುರುಗೇಶ್ ಮನೆ ಎದುರಿನ ಹೊಂಗೆ ಮರದಡಿ ತಳ್ಳುಗಾಡಿ ಇಟ್ಟುಕೊಂಡು ಇಸ್ತ್ರಿ ಮಾಡುವವನು. ಬಿಳಿ ಕೋಟನ್ನು ಹರಡಿ, ಕೆಂಡ ತುಂಬಿದ ಪೆಟ್ಟಿಗೆಯನ್ನು ಅದರ ಮೇಲೆ ಎರಡು ಸಲ ಓಡಿಸಿದ. ಅಷ್ಟರಲ್ಲಿ ಒಳಗಿನಿಂದ ಇನ್ನೊಂದು “ಅಯ್ಯೋ ಸತ್ತೆ” ಕೇಳಿಸಿತು. ಕುತೂಹಲ ತಡೆಯಲಾರದೆ ಅವನು ಒಳಗೆ ಬಂದ.

“ಸಾರ್, ಇದಕ್ಕೆಲ್ಲ ಮರಳು ಶಾಖನೇ ಸರಿ ಸಾರ್,” ಎಂದ. “ನಮ್ ಚಿಕ್ಕಪ್ಪನಿಗೆ ಹಿಂಗೇ ಆಗಿತ್ತು. ಬಟ್ಟೇಲಿ ಮರಳು ಕಟ್ಟಿ ಬಿಸಿ ಮಾಡಿ ಇಟ್ರು. ಮೂರೇ ದಿನ.”

“ಮೂರೇ ದಿನದಲ್ಲಿ ವಾಸಿಯಾಯ್ತಾ?” ಲಿಂಗಮ್ಮ ಆಸೆಯಿಂದ ಕೇಳಿದರು.

“ತೀರ್ಕೊಂಡ್ರು ಆಂಟಿ. ಅದು ಬೇರೆ ಕಾಯಿಲೆ. ಆದ್ರೆ ಕೈ ಚೆನ್ನಾಗಿ ಆಡ್ತಿತ್ತು.”

ಸುಟ್ಟ ವಾಸನೆ ಮೊದಲು ಬಂದದ್ದು ಬಾಳೇಶನಿಗೆ. ಅವನು ಓಡಿಹೋಗಿ ನೋಡಿದಾಗ ಇಸ್ತ್ರಿಪೆಟ್ಟಿಗೆ ಕೋಟಿನ ಬೆನ್ನ ಮೇಲೆ ಆರಾಮಾಗಿ ಕೂತಿತ್ತು. ಎತ್ತಿದರೆ ಅದರ ಆಕಾರದ್ದೇ ಕಂದು ಗುರುತು, ಸರ್ಕಾರಿ ಮೊಹರಿನಷ್ಟು ಸ್ಪಷ್ಟವಾಗಿ.

“ಹಿಂದ್ಗಡೆ ತಾನೇ ಸಾರ್,” ಎಂದ ಮುರುಗೇಶ್ ಸಮಾಧಾನವಾಗಿ. “ಗೋಡೆಗೆ ಒರಗಿಕೊಂಡು ನಿಂತ್ಬಿಡಿ. ಯಾರಿಗೂ ಕಾಣಲ್ಲ.”

ಗಡಿಯಾರದಲ್ಲಿ ಹತ್ತೂವರೆಯಾಗಿತ್ತು. ಉಳಿದದ್ದು ಒಂದೇ ದಾರಿ. ಬಾಳೇಶ ಚೀಲದಿಂದ ಹಗ್ಗವನ್ನೂ ಸಣ್ಣ ರಾಟೆಯನ್ನೂ ತೆಗೆದ. ರಾಟೆಯನ್ನು ತಲೆಯ ಮೇಲೆ ಕಟ್ಟಿ, ಹಗ್ಗದ ಒಂದು ತುದಿಯನ್ನು ನೋವಿರುವ ಕೈಗೆ ಕೊಟ್ಟು, ಇನ್ನೊಂದು ತುದಿಯನ್ನು ಒಳ್ಳೆಯ ಕೈಯಿಂದ ಎಳೆದರೆ ನೋವಿನ ಕೈ ತಾನಾಗಿ ಮೇಲೇರುತ್ತದೆ. ನಡುಮನೆಯ ಸೀಲಿಂಗಿನಲ್ಲಿ ಹಿಂದೆ ಮಕ್ಕಳ ತೊಟ್ಟಿಲು ಕಟ್ಟುತ್ತಿದ್ದ ಕೊಕ್ಕೆಯಿತ್ತು. ಲಿಂಗಮ್ಮ ಸ್ಟೂಲು ತಂದರು. ಬಾಳೇಶ ನೋಯುವ ಭುಜದಲ್ಲೇ ಹತ್ತಿ ರಾಟೆ ಕಟ್ಟಿದ.

ನಂಜುಂಡಪ್ಪ ಎಡಗೈಯಿಂದ ಎಳೆದರು. ಬಲಗೈ ಏಳಲಿಲ್ಲ.

“ಅವ್ರ ಕೈಲಿ ಶಕ್ತಿ ಸಾಲ್ದು,” ಎಂದು ದೇವೇಂದ್ರಪ್ಪ ಹಗ್ಗದ ಆ ತುದಿಯನ್ನು ತಾವೇ ಹಿಡಿದು ಜಗ್ಗಿದರು. ಕೈ ಏಳಲಿಲ್ಲ. ಮುರುಗೇಶನೂ ಸೇರಿಕೊಂಡ. ಇಬ್ಬರೂ ಕಾಲು ಊರಿ, ಹಿಂದಕ್ಕೆ ವಾಲಿ, ಹಗ್ಗಜಗ್ಗಾಟದವರಂತೆ ಎಳೆದರು. ನಂಜುಂಡಪ್ಪ ಹಲ್ಲು ಕಚ್ಚಿ, ಮುಖ ಕೆಂಪಗೆ ಮಾಡಿಕೊಂಡು, ಕೈಯನ್ನು ಹೊಟ್ಟೆಯ ಹತ್ತಿರವೇ ಹಿಡಿದು ಕೂತರು. ಆರು ತಿಂಗಳಿಂದ ಒಂದು ಲೋಟ ಎತ್ತದ ಕೈ ಇಬ್ಬರು ಗಂಡಸರನ್ನು ತಡೆದು ನಿಲ್ಲಿಸಿತ್ತು. ಅದು ಹೇಗೆ ಸಾಧ್ಯ ಎಂಬ ಪ್ರಶ್ನೆ ಬಾಳೇಶನಿಗೆ ಹೊಳೆಯಬೇಕಾಗಿತ್ತು. ಬಹುಶಃ ಹೊಳೆಯುವುದರಲ್ಲಿತ್ತು. ಅಷ್ಟರಲ್ಲಿ ಕೊಕ್ಕೆ ಕಿತ್ತು ಬಂತು.

ಕೊಕ್ಕೆಯ ಜೊತೆ ರಾಟೆ, ರಾಟೆಯ ಜೊತೆ ಒಂದು ತಟ್ಟೆಯಗಲದ ಗಾರೆ, ಎಲ್ಲವೂ ಕೆಳಗೆ ನಿಂತಿದ್ದ ಬಾಳೇಶನ ತಲೆಯ ಮೇಲೆ ಬಿದ್ದವು. ದೇವೇಂದ್ರಪ್ಪ ಮತ್ತು ಮುರುಗೇಶ್ ಒಬ್ಬರ ಮೇಲೊಬ್ಬರು ಉರುಳಿದರು. ಸುಣ್ಣದ ಧೂಳು ತಿಳಿಯಾದಾಗ ಬಾಗಿಲಲ್ಲಿ ಸೇತುರಾಮ್ ನಿಂತಿದ್ದರು. ಕೈಯಲ್ಲಿ ಒದ್ದೆ ಛತ್ರಿ. ಅವರು ಹೇಳಿದ ಹೊತ್ತಿಗಿಂತ ಹತ್ತು ನಿಮಿಷ ಮೊದಲೇ ಬರುವವರು.

“ಇದರಲ್ಲಿ ನನ್ನ ಸ್ಟೂಡೆಂಟ್ ಯಾರು?” ಎಂದರು.

ತಲೆಗೂದಲು ಬೆಳ್ಳಗಾಗಿದ್ದ ಬಾಳೇಶ ಕೈ ಎತ್ತಲು ಹೋದ. ಭುಜ ನೋವಿಗೆ ಅರ್ಧಕ್ಕೇ ನಿಂತಿತು.

ಸೇತುರಾಮ್ ಹೆಚ್ಚು ಮಾತಿನವರಲ್ಲ. ಕುರ್ಚಿ ಎಳೆದು ನಂಜುಂಡಪ್ಪನವರ ಪಕ್ಕ ಕೂತು, ಜೇಬಿನಿಂದ ಕೋನ ಅಳೆಯುವ ಪ್ಲಾಸ್ಟಿಕ್ ಪಟ್ಟಿ ತೆಗೆದರು. “ಆದಷ್ಟು ಎತ್ತಿ ಯಜಮಾನ್ರೇ.” ನಂಜುಂಡಪ್ಪ ನರಳುತ್ತ ಎತ್ತಿದರು. ಬಾಳೇಶ ಗೋಡೆಗೆ ಬೆನ್ನು ಅಂಟಿಸಿ ನಿಂತು ಮನೆದೇವರನ್ನು ನೆನೆದ.

“ನಲವತ್ತು,” ಎಂದರು ಸೇತುರಾಮ್.

ಲಾಗ್‌ಬುಕ್ ಮುಚ್ಚಿಕೊಂಡಿತು. ಅದರ ಸದ್ದು ಬಾಳೇಶನಿಗೆ ಬಸವೇಶ್ವರನಗರದ ನರ್ಸಿಂಗ್ ಹೋಮಿನ ಬಾಗಿಲು ಹಾಕಿದಂತೆ ಕೇಳಿಸಿತು.

“ಸಾರ್, ನಾನು ದಿನಾ ಬಂದೀನ್ರಿ. ಒಂದ್ ದಿನಾನೂ ತಪ್ಪಿಸಿಲ್ರಿ. ಜ್ವರ ಬಂದಾಗೂ ಬಂದೀನ್ರಿ…”

“ಬಂದಿದೀಯ. ಅದನ್ನ ಇಲ್ಲ ಅನ್ನಲ್ಲ,” ಎಂದರು ಸೇತುರಾಮ್. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಬಾಳೇಶನನ್ನು ಹೆಚ್ಚು ಕುಗ್ಗಿಸಿತು.

ಆಗ ಕಾಂತರಾಜು ಒಳಗೆ ಬಂದ. ನಂಜುಂಡಪ್ಪನವರ ತಮ್ಮನ ಮಗ; ನಲವತ್ತರ ಆಸುಪಾಸು; ಕಂಕುಳಲ್ಲಿ ಸದಾ ಒಂದು ಫೈಲು. ಪ್ರತಿ ಶನಿವಾರ ದೊಡ್ಡಪ್ಪನ ಕೈ ವಿಚಾರಿಸಿಕೊಂಡು ಹೋಗುವುದು ಅವನ ಪದ್ಧತಿ. ದೊಡ್ಡ ಡಾಕ್ಟರು ಬಂದಿದ್ದಾರೆಂದು ತಿಳಿದು ನಮಸ್ಕಾರ ಮಾಡಿದ.

“ಸಾರ್, ಆರು ತಿಂಗಳಾದ್ರೂ ಒಂದು ಡಿಗ್ರೀನೂ ಜಾಸ್ತಿಯಾಗಿಲ್ಲ ಅಂದ್ರೆ ಇನ್ನು ಆಗೋದೇ ಇಲ್ಲ ಅಂತ ಅರ್ಥ ಅಲ್ವಾ?”

“ಈಗ್ಲೇ ಹೇಳೋಕಾಗಲ್ಲ. ಇನ್ನೂ ಕೆಲವು ಪರೀಕ್ಷೆ ಮಾಡ್ಬೇಕು.”

“ಆಗಲ್ಲ ಅಂತಾನೇ ಬರೆದುಕೊಟ್ಬಿಡಿ ಸಾರ್,” ಎಂದು ಕಾಂತರಾಜು ಫೈಲಿನಿಂದ ಒಂದು ಹಾಳೆ ಹೊರತೆಗೆದ. “ನಮ್ ವಕೀಲ್ರು ಟೈಪ್ ಮಾಡ್ಸಿ ಕೊಟ್ಟಿದಾರೆ. ಈ ಕೈ ಇನ್ನು ಯಾವತ್ತೂ ಕೆಲ್ಸಕ್ಕೆ ಬರಲ್ಲ ಅಂತ ನೀವು ಕೆಳಗಡೆ ಒಂದು ಸೈನ್ ಹಾಕಿದ್ರೆ, ಮುಂದಿಂದೆಲ್ಲ ಅವ್ರೇ ನೋಡ್ಕೋತಾರಂತೆ. ದೊಡ್ಡಪ್ಪನ ಪರವಾಗಿ ನಾನೇ ಎಲ್ಲ ಕಡೆ ಸೈನ್ ಮಾಡಬಹುದಂತೆ. ಸುಂಕದಕಟ್ಟೆದೂ ಆಯ್ತು, ಈ ಮನೇದೂ ಆಯ್ತು.” ಅವನು ಬಗ್ಗಿ ನಂಜುಂಡಪ್ಪನವರ ಬಲಗೈಯನ್ನು ಮಗುವಿನ ತಲೆ ತಟ್ಟುವಂತೆ ತಟ್ಟಿದ. “ನೀವು ಇನ್ನು ಆರಾಮಾಗಿ ಕೂತಿರಿ ದೊಡ್ಡಪ್ಪ. ಯಾವ್ದಕ್ಕೂ ಕೈ ಎತ್ತೋ ಕಷ್ಟ ನಿಮ್ಗೆ ಬೇಡ.”

ಮುಂದಿನದು ಎಷ್ಟು ಬೇಗ ನಡೆಯಿತೆಂದರೆ ನೋಡಿದವರು ಆಮೇಲೆ ಒಬ್ಬೊಬ್ಬರು ಒಂದೊಂದು ಥರ ಹೇಳಿದರು. ನಂಜುಂಡಪ್ಪ ಎದ್ದರು. ಹೊಟ್ಟೆಗಂಟಿದ್ದ ಬಲಗೈ ಕಿತ್ತುಕೊಂಡು ಪಕ್ಕಕ್ಕೆ ಹೋಯಿತು, ಭುಜ ದಾಟಿತು, ಕಿವಿ ದಾಟಿತು, ತಲೆಯ ಮೇಲೆ ಬಾವುಟದಂತೆ ಒಂದು ಕ್ಷಣ ನಿಂತಿತು. ಅಲ್ಲಿಂದ ಸೀದಾ ಕಾಂತರಾಜುವಿನ ಕೆನ್ನೆಯ ಮೇಲೆ ಇಳಿಯಿತು.

ಪಟಾರ್ ಎಂಬ ಸದ್ದು ನಿಂತ ಮೇಲೆ ಕೋಣೆಯಲ್ಲಿ ಕೇಳಿಸಿದ್ದು ಸೇತುರಾಮ್ ಅವರ ದನಿ ಒಂದೇ. ಮೂವತ್ತು ವರ್ಷದ ಅಭ್ಯಾಸಬಲದಿಂದ ಅವರು ಅಂದದ್ದು: “ನೂರ ಎಪ್ಪತ್ತೈದು.”

“ಸಾರ್!” ಬಾಳೇಶ ಗೋಡೆ ಬಿಟ್ಟು ನೆಗೆದ. ಬೆನ್ನಿನ ಇಸ್ತ್ರಿ ಗುರುತು ಯಾರು ನೋಡಿದರೂ ಈಗ ಅವನಿಗೆ ಪರಿವೆಯಿರಲಿಲ್ಲ. “ಸಾರ್, ಎದ್ದಿತ್ರಿ! ಕೈ ಎದ್ದಿತ್ರಿ!”

“ನೋಡಿದ್ರಾ ಡ್ರಿಲ್ಲು!” ಎಂದರು ದೇವೇಂದ್ರಪ್ಪ.

“ಶಾಖದ ಮಾತು ಕೇಳಿದ್ದಕ್ಕೇ ಬಂತು ಸಾರ್,” ಎಂದ ಮುರುಗೇಶ್.

ಏಳು ವರ್ಷದಲ್ಲಿ ಮೊದಲ ಸಲ ಬಾಳೇಶನ ಕೈಯಡಿಯಲ್ಲಿ ಒಬ್ಬ ಮನುಷ್ಯ ಗುಣವಾಗಿದ್ದ. ಮನಸ್ಸಿನಲ್ಲೇ ಅವನು ಅವ್ವನಿಗೆ ಫೋನು ಮಾಡಿಯೂ ಆಗಿತ್ತು.

ಸೇತುರಾಮ್ ಮಾತ್ರ ನಗಲಿಲ್ಲ. ಜೇಬಿನಿಂದ ಅಳತೆಯ ಟೇಪು ತೆಗೆದು ನಂಜುಂಡಪ್ಪನವರ ಎರಡೂ ತೋಳುಗಳ ಸುತ್ತಳತೆ ನೋಡಿದರು. ಆಮೇಲೆ ಮೆತ್ತಗೆ ಕೇಳಿದರು. “ಯಜಮಾನ್ರೇ, ಈ ಕೈ ಇಷ್ಟು ಮೇಲೆ ಯಾವಾಗಿಂದ ಎತ್ತೋಕೆ ಬರ್ತಿದೆ?”

ನಂಜುಂಡಪ್ಪ ತಲೆ ತಗ್ಗಿಸಿದರು.

“ಹುಟ್ಟಿದಾಗಿಂದ ಸಾರ್.”

ಹೊರಗೆ ಜಿಟಿಜಿಟಿ ಮಳೆ ಮತ್ತೆ ಹಿಡಿದಿತ್ತು.

“ಏನ್ ಮಾಡ್ಲಿ ಸಾರ್,” ಎಂದರು ನಂಜುಂಡಪ್ಪ. “ಆ ಜಮೀನು ನಮ್ಮಪ್ಪ ಉತ್ತಿದ್ದು. ಕೊಡಲ್ಲ ಅಂತ ಬಾಯಲ್ಲಿ ಹೇಳಿದ್ರೆ ಮನೆಮನೆ ಜಗಳ, ಮಾತು ನಿಂತುಹೋಗುತ್ತೆ. ಕೈ ಬರಲ್ಲ ಅಂದ್ರೆ ಯಾರಿಗೂ ಬೇಜಾರಿಲ್ಲ. ಈ ಹುಡುಗನಿಗೆ ದಿನಾ ಹೇಳೋಣ ಅನ್ಕೋತಿದ್ದೆ. ಪಾಪ, ಅಷ್ಟು ಶ್ರದ್ಧೆಯಿಂದ ಉಜ್ಜುತಿದ್ದ. ನೊಂದ್ಕೋತಾನೆ ಅಂತ ಹೇಳ್ಲಿಲ್ಲ.”

ಬಾಳೇಶ ಮತ್ತೆ ಗೋಡೆಗೆ ಒರಗಿದ. ಈ ಸಲ ಕೋಟು ಮುಚ್ಚಿಕೊಳ್ಳಲು ಅಲ್ಲ.

“ಆರು ತಿಂಗಳು ಆಡದೇ ಇರೋ ಕೈ ಸೊರಗಿ ಸಣ್ಣಗಾಗುತ್ತೆ,” ಎಂದರು ಸೇತುರಾಮ್ ಅವನ ಕಡೆ ತಿರುಗಿ. “ಇದು ಎಡಗೈಗಿಂತ ಅರ್ಧ ಇಂಚು ದಪ್ಪ ಇದೆ. ಒಂದು ದಿನ ಟೇಪ್ ಹಿಡಿದು ನೋಡಿದ್ರೆ ಸಾಕಾಗಿತ್ತು. ಒಂದು ದಿನ, ಅವ್ರು ಕೂಗಿದ್ರೂ ಬಿಡದೆ, ನೀನೇ ಕೈ ಎತ್ತಿ ನೋಡಿದ್ರೆ ಸಾಕಾಗಿತ್ತು. ಚೆನ್ನಾಗಿರೋ ಭುಜಕ್ಕೆ ಆರು ತಿಂಗಳು ಟ್ರೀಟ್‌ಮೆಂಟ್ ಕೊಟ್ಟಿದೀಯ ಬಾಳೇಶ. ಅದೂ ಒಂದೇ ಒಂದು ಡಿಗ್ರಿ ಸುಧಾರಣೆ ಇಲ್ದೆ.”

“ನೀವು ಹತ್ತು ಡಿಗ್ರಿ ಜಾಸ್ತಿಯಾದ್ರ ಸಾಕು ಅಂದಿದ್ರಿ ಸಾರ್,” ಎಂದ ಬಾಳೇಶ ಸಣ್ಣ ದನಿಯಲ್ಲಿ. “ನೂರಾ ಮೂವತ್ತೈದು ಜಾಸ್ತಿ ಆಗೇತ್ರಿ.”

“ಅದು ಅವರ ಕಾಯಿಲೆ ವಾಸಿಯಾಗಿದ್ದಲ್ಲ. ನಿನ್ನ ಕಾಯಿಲೆ ಹೊರಗೆ ಬಿದ್ದಿದ್ದು.”

ಅಷ್ಟರಲ್ಲಿ ಗೋಡೆ ಮೂಲೆಯಲ್ಲಿ ಪೊರಕೆ ಕೆಳಗೆ ಬಿದ್ದ ಸದ್ದಾಯಿತು. ಗಾರೆಯ ಪುಡಿ ಗುಡಿಸುತ್ತಿದ್ದ ಲಿಂಗಮ್ಮ ಬಲ ಮಣಿಕಟ್ಟನ್ನು ಎಡಗೈಯಲ್ಲಿ ಒತ್ತಿ ಹಿಡಿದು ಗಂಡನನ್ನೇ ನೋಡುತ್ತಿದ್ದರು.

“ಆರು ತಿಂಗಳು ನಿಮ್ಗೆ ನೀರು ಹುಯ್ದೆ, ತುತ್ತಿಟ್ಟೆ, ಅಂಗಿ ತೊಡಿಸ್ದೆ,” ಎಂದರು. “ಎತ್ತಿ ಕೂರಿಸಿ ಕೂರಿಸಿ ನನ್ ಕೈಲಿ ಈಗ ಒಂದು ಚೊಂಬು ಹಿಡಿಯೋಕಾಗಲ್ಲ. ರಾತ್ರಿಯೆಲ್ಲ ಸೆಳೆಯುತ್ತೆ. ದಿನಾ ಡಾಕ್ಟ್ರು ಮನೆಗೆ ಬರ್ತಾರೆ, ನನ್ನ ಕೇಳೋರೇ ಇಲ್ಲ.”

ಸೇತುರಾಮ್ ಎದ್ದು ಹೋಗಿ ಆಕೆಯ ಮಣಿಕಟ್ಟನ್ನು ಮುಟ್ಟಿ, ತಿರುಗಿಸಿ ನೋಡಿದರು. ಹೆಬ್ಬೆರಳಿನ ಬುಡ ಬಾತುಕೊಂಡಿತ್ತು. “ಸೋಮವಾರ ಕಾಲೇಜಿನ ಆಸ್ಪತ್ರೆಗೆ ಬನ್ನಿ ಅಮ್ಮ, ನಾನೇ ನೋಡ್ತೀನಿ,” ಎಂದರು. ಬಾಳೇಶನ ಕಡೆ ಒಮ್ಮೆ ನೋಡಿದರು, ಅಷ್ಟೆ. ಬೈದಿದ್ದರೆ ಚೆನ್ನಾಗಿತ್ತು ಎನ್ನಿಸಿತು ಅವನಿಗೆ. ದಿನವೂ ಬಂದಾಗ ಕಾಫಿ ತಂದುಕೊಡುತ್ತಿದ್ದ ಕೈ ಅದು. ಲೋಟ ಮಾತ್ರ ನೋಡಿದ್ದ.

ಅವನ ಫೋನು ಹೊಡೆದುಕೊಂಡ ಹೊತ್ತು ಅದೇ. ನರ್ಸಿಂಗ್ ಹೋಮಿನವರು. ಪತ್ರ ಯಾವಾಗ ತರುತ್ತೀರಿ ಎಂದು ಕೇಳಿದರು. ಬಾಳೇಶನಿಗೆ ಸುಳ್ಳು ಹೇಳಲು ಬರಲಿಲ್ಲ. ಇನ್ನೂ ಕೆಲವು ತಿಂಗಳಾಗಬಹುದು ಎಂದ. ಪರವಾಗಿಲ್ಲ, ಗಿರಿರಾಜ್ ಅನ್ನೋರು ಪತ್ರ ಹಿಡಿದುಕೊಂಡು ಬೆಳಿಗ್ಗೆಯಿಂದ ಇಲ್ಲೇ ಕೂತಿದ್ದಾರೆ ಎಂದು ಆ ಕಡೆಯ ಹೆಣ್ಣುಮಗಳು ಮರ್ಯಾದೆಯಿಂದಲೇ ಹೇಳಿ ಫೋನಿಟ್ಟಳು.

ಇತ್ತ ಕಾಂತರಾಜು ಕೆನ್ನೆ ಹಿಡಿದುಕೊಂಡೇ ಫೈಲು ಬಿಚ್ಚಿದ್ದ. “ಕೈ ಸರಿಯಾಯ್ತಲ್ಲ ದೊಡ್ಡಪ್ಪ, ಹಾಗಾದ್ರೆ ಸೈನ್ ಹಾಕಿ!”

ನಂಜುಂಡಪ್ಪ ಪೆನ್ನು ತೆಗೆದುಕೊಂಡರು. ಹಾಳೆಯನ್ನು ಮೂಗಿನ ಹತ್ತಿರ ತಂದರು, ದೂರ ಹಿಡಿದರು, ತಲೆಕೆಳಗು ಮಾಡಿದರು. “ಎಲ್ಲಪ್ಪಾ ಹಾಕೋದು? ಅದ್ಯಾಕೋ ಬೆಳಗಿಂದ ಕಣ್ಣು ಮಂಜು ಮಂಜು,” ಎಂದರು.

ಕಾಂತರಾಜು ಹಾಳೆ ಕಿತ್ತುಕೊಂಡ. ಒಂದು ಕ್ಷಣ ಏನೋ ಯೋಚಿಸಿದ. ಕೆನ್ನೆಯ ಮೇಲಿದ್ದ ಅವನ ಕೈ ನಿಧಾನವಾಗಿ ಜಾರಿ ಕುತ್ತಿಗೆಗೆ ಬಂತು. ತಲೆ ಎಡಭುಜಕ್ಕೆ ವಾಲಿತು.

“ಸಾರ್,” ಎಂದ ಸೇತುರಾಮ್ ಕಡೆಗೆ, ಮೈಯಷ್ಟೂ ತಿರುಗಿಸಿಕೊಂಡು. “ಏಟು ಬಿದ್ದಾಗ ಕುತ್ತಿಗೇಲಿ ಲಟ್ ಅಂತು. ತಿರುಗಿಸೋಕೇ ಆಗ್ತಿಲ್ಲ.”

ಸೇತುರಾಮ್ ಗಡಿಯಾರ ನೋಡಿಕೊಂಡರು. ಇನ್ನೂ ಮೂವರು ವಿದ್ಯಾರ್ಥಿಗಳ ಪೇಷಂಟುಗಳನ್ನು ನೋಡುವುದಿತ್ತು. “ಒಳ್ಳೇದಾಯ್ತು. ಬಾಳೇಶ, ನಿನ್ನ ಹೊಸ ಕೇಸ್ ಇದು. ಸೋಮವಾರದಿಂದ ಮತ್ತೆ ಆರು ತಿಂಗಳು. ಈ ಸಲವಾದ್ರೂ ಸರಿಯಾಗಿ ನೋಡು.”

ಬಾಳೇಶ ಇಷ್ಟು ಹೊತ್ತಿಗೆ ಸ್ವಲ್ಪ ಕಲಿತಿದ್ದ. ಬೆನ್ನು ನೆಟ್ಟಗೆ ಮಾಡಿಕೊಂಡು, ಬದುಕಿನಲ್ಲಿ ಮೊದಲ ಸಲ ದೊಡ್ಡವರೊಬ್ಬರಿಗೆ ಎದುರು ಹೇಳಿದ. “ಸಾರ್, ಇವ್ರೂ ನಾಟಕ ಮಾಡಾಕತ್ತಾರ ಅನಸ್ತೈತ್ರಿ.”

ಸೇತುರಾಮ್ ಛತ್ರಿ ಬಿಚ್ಚುತ್ತಿದ್ದವರು ನಿಂತರು. “ನಾಟಕ ಆಡ್ತಿದ್ದೋರನ್ನ ಆರು ತಿಂಗಳು ನಂಬಿದೆ. ನಮ್ಮ ಕಣ್ಣೆದುರಿಗೇ ಏಟು ತಿಂದೋರನ್ನ ನಂಬಲ್ಲ ಅಂತೀಯಾ?” ಎಂದರು. ಉತ್ತರಕ್ಕೆ ಕಾಯದೆ ಮಳೆಯಲ್ಲಿ ಇಳಿದು ಹೋದರು.

ಬಾಳೇಶ ಹಗ್ಗ, ರಾಟೆ ಎಲ್ಲ ಚೀಲಕ್ಕೆ ತುಂಬಿಕೊಂಡ. ಲಿಂಗಮ್ಮನ ಕೈಯಿಂದ ಪೊರಕೆ ತೆಗೆದುಕೊಂಡು ಗಾರೆಯ ಪುಡಿಯನ್ನು ತಾನೇ ಗುಡಿಸಿದ. ಆಕೆ ಬೇಡ ಎನ್ನಲಿಲ್ಲ, ಕಾಫಿ ತರುತ್ತೇನೆ ಎಂದೂ ಅನ್ನಲಿಲ್ಲ. ನಂಜುಂಡಪ್ಪ ಬಾಗಿಲವರೆಗೂ ಬಂದು, ಅಭ್ಯಾಸ ತಪ್ಪದ ಬಲಗೈಯನ್ನು ಮತ್ತೆ ಹೊಟ್ಟೆಗೆ ಅಂಟಿಸಿಕೊಂಡು, “ಬರ್ತಾ ಇರಪ್ಪ,” ಎಂದರು.

ಹೊರಗೆ ಕಾಂತರಾಜು ಸ್ಕೂಟರ್ ಸ್ಟಾರ್ಟ್ ಮಾಡುತ್ತಿದ್ದ. ಎಲ್ಲಿಂದಲೋ ಒಂದು ಟವೆಲ್ ತಂದು ಕುತ್ತಿಗೆಗೆ ಬಿಗಿಯಾಗಿ ಸುತ್ತಿಕೊಂಡಿದ್ದ. “ನಿಮ್ ರೂಮ್ ಎಲ್ಲಿ ಡಾಕ್ಟ್ರೇ? ಸುಂಕದಕಟ್ಟೇನಾ? ಬನ್ನಿ, ಆ ಕಡೆಗೇ ಹೋಗ್ತಿದೀನಿ. ಮಳೇಲಿ ಯಾಕೆ ನೆನೀತೀರಾ.”

ಬಾಳೇಶ ಹಿಂದೆ ಕೂತ. ಊರಿಗೆ ಫೋನು ಮಾಡಿ ಏನು ಹೇಳುವುದೆಂದು ಯೋಚಿಸುತ್ತಿದ್ದ. ಅಪ್ಪ ಡೈರಿಯಲ್ಲಿ ಎಲ್ಲರಿಗೂ ಸೋಮವಾರ ಎಂದು ಹೇಳಿಬಿಟ್ಟಿದ್ದ. ಹನಿ ಕನ್ನಡಕದ ಮೇಲೆ ಬಿದ್ದು ಮುಂದಿನದೇನೂ ಕಾಣುತ್ತಿರಲಿಲ್ಲ.

ಚಂದ್ರಾ ಲೇಔಟ್ ಸಿಗ್ನಲ್ಲಿನಲ್ಲಿ ಸ್ಕೂಟರ್ ನಿಂತಿತು. ಕಾಂತರಾಜು ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಪೊಲೀಸರಿಲ್ಲ ಎಂದು ಖಾತ್ರಿ ಮಾಡಿಕೊಂಡು ಟವೆಲ್ ಸಡಿಲಿಸಿದ. ಆಮೇಲೆ ಗೂಬೆಯ ಹಾಗೆ ತಲೆಯನ್ನು ಪೂರಾ ಹಿಂದಕ್ಕೆ ತಿರುಗಿಸಿ ಬಾಳೇಶನ ಮುಖವನ್ನೇ ನೋಡುತ್ತ ಮಾತಾಡಿದ.

“ವಕೀಲ್ರಿಗೆ ಫೋನ್ ಮಾಡಿದ್ದೆ ಡಾಕ್ಟ್ರೇ. ದೊಡ್ಡಪ್ಪನ ಮೇಲೆ ಹೊಡೆದ ಕೇಸ್ ಹಾಕಿದ್ರೆ ಅವ್ರು ತಾವಾಗೇ ದಾರಿಗೆ ಬರ್ತಾರಂತೆ. ಆದ್ರೆ ಕೇಸ್ ಮುಗಿಯೋ ತನಕ ಕುತ್ತಿಗೆ ವಾಸಿಯಾಗಬಾರದಂತೆ. ಒಂದು ವರ್ಷನೋ, ಮೂರು ವರ್ಷನೋ, ಅದು ಕೋರ್ಟಿಗೆ ಬಿಟ್ಟಿದ್ದು.” ಹಸಿರು ದೀಪ ಬಂತು. ಹಿಂದಿನವರು ಹಾರನ್ ಹೊಡೆದರು. “ನಿಮ್ದೇನೂ ಅವಸರ ಇಲ್ವಲ್ಲ? ಸೋಮವಾರ ಎಷ್ಟೊತ್ತಿಗೆ ಬರ್ತೀರಾ?”

ಬಾಳೇಶ ಕನ್ನಡಕ ಒರೆಸಿಕೊಂಡ. ಕೋಟಿನ ತೋಳೂ ಒದ್ದೆಯಾಗಿದ್ದರಿಂದ ಇನ್ನಷ್ಟು ಮಂಜಾಯಿತು.

“ಎಂಟಕ್ಕ ಬರ್ತೀನ್ರಿ,” ಎಂದ.